ಕಾವು ಮತ್ತು ಕಾವಲು

ನಮ್ಮ ಬಾಳೆಹೊಸೂರಿಗೂ ಸಮುದ್ರಕ್ಕೂ ನೇರವಾದ ನಂಟು ಯಾವುದೂ ಇಲ್ಲ. ಲಕ್ಷ್ಮೇಶ್ವರದ ಸುತ್ತಣ ಈ ಎರೆಯ ನಾಡಿನಲ್ಲಿ ನಿಂತು ಎತ್ತ ನೋಡಿದರೂ ಕಾಣುವುದು ಹೊಲಗಳೇ: ಹತ್ತಿ, ಜೋಳ, ಶೇಂಗಾ, ಕಡಲೆ, ಮೆಣಸಿನಕಾಯಿಗಳ ಹೊಲಗಳು. ಮಳೆಗಾಲದಲ್ಲಿ ಉಕ್ಕುವ ಹಳ್ಳವೇ ನಮ್ಮ ಪಾಲಿನ ದೊಡ್ಡ ನೀರು. ಕಡಲನ್ನು ಕಾಣಬೇಕೆಂದರೆ ಪಡುವಣಕ್ಕೆ ಬಹುದೂರ ಹೋಗಿ ಘಟ್ಟವನ್ನು ಇಳಿಯಬೇಕು. ಆದರೂ ಸಮುದ್ರವು ದಿನವೂ ನಮ್ಮ ಊರಿಗೆ ಬರುತ್ತದೆ. ಬೆಳಗಿನ ಬಸ್ಸು ಓಡುವ, ಹೊಲವನ್ನು ಹರಗುವ ಟ್ರ್ಯಾಕ್ಟರು ಗುಡುಗುವ ಎಣ್ಣೆಯು ಸಮುದ್ರವನ್ನು ದಾಟಿ ಬಂದದ್ದು, ಇಲ್ಲವೇ ಸಮುದ್ರದ ತಳದಿಂದಲೇ ಮೇಲೆತ್ತಿದ್ದು. ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದ ಬಹುಭಾಗ ಹೊರನಾಡುಗಳಿಂದ ಹಡಗೇರಿ ಬರುತ್ತದೆ. ನಮ್ಮಲ್ಲಿಯೇ ದೊರೆಯುವ ತೈಲದಲ್ಲಿಯೂ ದೊಡ್ಡ ಪಾಲು ಕಡಲಿನದು. ಹೀಗೆ, ಸಮುದ್ರವನ್ನು ಕಣ್ಣಾರೆ ಕಾಣದವನೂ ಸಮುದ್ರಕ್ಕೆ ಋಣಿಯಾಗಿರುವ ಕಾಲವಿದು.

ಕಡಲಿನ ಎಣ್ಣೆಯ ವಿಷಯ ಬಂದಾಗ ನಾವೆಲ್ಲರೂ ಹುಡುಕಾಟದ ಕಥೆಯನ್ನು ಹೇಳುತ್ತೇವೆ. ಮುಂಬಯಿಯ ಬಳಿ 1974ರಲ್ಲಿ ಎಣ್ಣೆ ಸಿಕ್ಕಿತು, 1976ರಲ್ಲಿ ಅದು ಮೇಲಕ್ಕೆ ಬಂದಿತು ಎಂದು ಪುಸ್ತಕದಲ್ಲಿ ಓದಿ ಸಂತೋಷಪಡುತ್ತೇವೆ. ಒಮ್ಮೆ ಸಿಕ್ಕಿದ ಮೇಲೆ ಇನ್ನೇನು, ನಲ್ಲಿಯನ್ನು ತಿರುಗಿಸಿದರೆ ನೀರು ಬಂದಂತೆ ಎಣ್ಣೆಯೂ ಬರುತ್ತದೆಂದು ನಮ್ಮ ಭಾವನೆ. ನನ್ನ ಭಾವನೆಯೂ ಬಹುಕಾಲ ಹಾಗೆಯೇ ಇತ್ತು. ಆದರೆ ಎಣ್ಣೆಯು ಸಿಕ್ಕಿದರೆ ಸಾಲದು, ಅದು ಹರಿಯಬೇಕು. ಇಂದು ಹರಿದದ್ದು ನಾಳೆಯೂ ಹರಿಯಬೇಕು. ಹುಡುಕಾಟ ಎಷ್ಟು ಕಠಿನವೋ ಹರಿಸುವುದೂ ಅಷ್ಟೇ ಕಠಿನ. ಅದರ ಕಥೆಯನ್ನು ಹೇಳುವವರು ಮಾತ್ರ ಕಡಮೆ.

ಈ ಕಷ್ಟದ ಮೊದಲ ಪಾಠವನ್ನು ಕಲಿಯಲು ಸಮುದ್ರಕ್ಕೆ ಹೋಗಬೇಕಾಗಿಲ್ಲ. ಮಾರ್ಗಶಿರದ ಚಳಿಯಲ್ಲಿ ಒಂದು ಮುಂಜಾನೆ ಎದ್ದು ಅಡುಗೆಮನೆಯ ನೆಲುವನ್ನೊಮ್ಮೆ ನೋಡಿದರೆ ಸಾಕು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯು ಶೀಸೆಯೊಳಗೆ ಬೆಳ್ಳಗೆ ಗಟ್ಟಿಯಾಗಿ ಕುಳಿತಿರುತ್ತದೆ. ಅದರ ಪಕ್ಕದಲ್ಲಿಯೇ ಇರುವ ಕುಸುಬಿ ಎಣ್ಣೆ ಮಾತ್ರ ಬೇಸಗೆಯಲ್ಲಿ ಇದ್ದಂತೆಯೇ ತಿಳಿಯಾಗಿರುತ್ತದೆ. ಚಿಕ್ಕಂದಿನಲ್ಲಿ ನಾನು ಕಡ್ಡಿಯಿಂದ ಶೀಸೆಯ ಬಾಯನ್ನು ಚುಚ್ಚುತ್ತ ಕುಳಿತಿದ್ದರೆ ನಮ್ಮ ಅವ್ವ, “ಅದಕ್ಯಾಕ ಬಡದಾಡ್ತಿ? ಬಿಸಲಾಗ ಇಡು, ತಾನ ಕರಗತೈತಿ” ಎನ್ನುತ್ತಿದ್ದಳು. ಬಿಸಿಲಿಗೆ ಇಟ್ಟರೆ ಅದು ಕರಗುತ್ತಲೂ ಇತ್ತು.

ಒಂದು ಎಣ್ಣೆ ಗಟ್ಟಿಯಾಗಿ ಇನ್ನೊಂದು ಆಗದಿರುವುದೇಕೆ? ಸುಗ್ಗಿ ಮುಗಿದ ಮೇಲೆ ನಮ್ಮ ಹಿತ್ತಲುಗಳಲ್ಲಿ ಒಟ್ಟುವ ಬಣಿವೆಯನ್ನು ನೆನೆದರೆ ಉತ್ತರ ದೊರೆಯುತ್ತದೆ. ಜೋಳದ ಕಣಿಕೆ ನೆಟ್ಟಗಿರುತ್ತದೆ. ಒಂದರ ಮೇಲೊಂದನ್ನು ಇಟ್ಟರೆ ಒತ್ತಾಗಿ ಕೂಡಿಕೊಂಡು ಬಿಗಿಯಾದ ಬಣಿವೆಯಾಗುತ್ತದೆ. ಜಾಲಿಯ ಟೊಂಗೆಗಳು ಹಾಗಲ್ಲ. ಅವು ಡೊಂಕು, ಎಷ್ಟು ಒತ್ತಿದರೂ ನಡುವೆ ಸಂದು ಉಳಿಯುತ್ತದೆ. ಕೊಬ್ಬರಿ ಎಣ್ಣೆಯ ಅಣುಗಳಲ್ಲಿ ನೆಟ್ಟನೆಯ ಸರಪಳಿಗಳು ಹೆಚ್ಚು. ಕುಸುಬಿಯ ಎಣ್ಣೆಯಲ್ಲಿ ಬಾಗಿದ ಸರಪಳಿಗಳು ಹೆಚ್ಚು. ಕಾವು ಇರುವವರೆಗೆ ಎಲ್ಲ ಅಣುಗಳೂ ಓಡಾಡುತ್ತಿರುತ್ತವೆ. ಕಾವು ಇಳಿದೊಡನೆ ನೆಟ್ಟನೆಯವು ಕಣಿಕೆಯಂತೆ ಒಟ್ಟುಗೂಡಿ ಗಟ್ಟಿಯಾಗುತ್ತವೆ.

ನೆಲದ ಒಡಲಿನಿಂದ ಬರುವ ಕಚ್ಚಾ ತೈಲದಲ್ಲಿಯೂ ಇಂಥ ನೆಟ್ಟನೆಯ ಉದ್ದ ಸರಪಳಿಗಳುಂಟು. ಅವೇ ಮೇಣ. ಮೇಣದ ಬತ್ತಿಯನ್ನು ಮಾಡುವುದು ಈ ಜಾತಿಯ ವಸ್ತುವಿನಿಂದಲೇ. ಭೂಗರ್ಭದ ಬಿಸಿಯಲ್ಲಿ ಮೇಣವು ಎಣ್ಣೆಯೊಳಗೆ ಕರಗಿಹೋಗಿರುತ್ತದೆ. ಇದೆಯೆಂಬ ಸುಳಿವೂ ಸಿಗುವುದಿಲ್ಲ. ಎಣ್ಣೆಯು ತಣ್ಣನೆಯ ಕೊಳವೆಯನ್ನು ಹೊಕ್ಕೊಡನೆ ಅದು ತನ್ನ ರೂಪವನ್ನು ತೋರಿಸುತ್ತದೆ. ಕಾಸಿದ ತುಪ್ಪ ಆರುವಾಗ ಮೊದಲು ಪಾತ್ರೆಯ ಅಂಚಿಗೆ ಹತ್ತಿಕೊಳ್ಳುವುದಿಲ್ಲವೆ? ಹಾಗೆಯೇ ಮೇಣವೂ ಮೊದಲು ಕೊಳವೆಯ ಗೋಡೆಗೆ ತೆಳುವಾಗಿ ಅಂಟುತ್ತದೆ. ಮೊದಲ ದಿನ ಅದು ಉಗುರಿನಿಂದ ಕೆರೆದರೆ ಹೋಗುವಷ್ಟು ತೆಳು. ದಿನ ಕಳೆದಂತೆ ಪದರದ ಮೇಲೆ ಪದರ ಕೂಡಿ ಕೊಳವೆಯ ಬಾಯಿ ಕಿರಿದಾಗುತ್ತದೆ. ಹರಿವು ಪೂರ್ತಿಯಾಗಿ ನಿಂತು ಎಣ್ಣೆ ತಣ್ಣಗಾಯಿತೆಂದರೆ ಒಳಗಿರುವುದೆಲ್ಲವೂ ಗಸಿಯಂತೆ ಹೆಪ್ಪುಗಟ್ಟುವುದುಂಟು.

ರಾಜಸ್ಥಾನದ ಬಾಡಮೇರಿನ ಮರುಭೂಮಿಯಲ್ಲಿ 2004ರಲ್ಲಿ ಸಿಕ್ಕಿದ ‘ಮಂಗಳಾ’ ಎಂಬ ತೈಲನಿಧಿಯ ಎಣ್ಣೆ ಇಂಥದೇ. ಮೇಣ ಹೆಚ್ಚಾಗಿರುವುದರಿಂದ ಹೊರಗಿನ ಸಾಧಾರಣ ಹವೆಯಲ್ಲಿ ಅದು ಹರಿಯಲು ಒಲ್ಲದು. ಅದನ್ನು ಗುಜರಾತಿನ ಕಡಲ ತೀರಕ್ಕೆ ಸಾಗಿಸಲು ಸುಮಾರು 670 ಕಿಲೋಮೀಟರ್ ಉದ್ದದ ಕೊಳವೆಯನ್ನು ಹಾಕಿ, ಅದಕ್ಕೆ ಶಾಖ ಹೊರಹೋಗದಂತೆ ಹೊದಿಕೆ ಹೊದಿಸಿ, ದಾರಿಯುದ್ದಕ್ಕೂ ವಿದ್ಯುತ್ತಿನಿಂದ ಕಾಯಿಸುತ್ತ ಸುಮಾರು 65 ಡಿಗ್ರಿಯ ಕಾವಿನಲ್ಲಿ ಇಡಬೇಕಾಯಿತು. ನಮ್ಮವ್ವ ಶೀಸೆಗೆ ಬಳಸಿದ ಉಪಾಯವನ್ನೇ ಅಲ್ಲಿ ಎರಡು ರಾಜ್ಯಗಳ ಉದ್ದಕ್ಕೂ ಬಳಸಿದ್ದಾರೆಂದು ಹೇಳಬಹುದು.

ಅದು ನೆಲದ ಮೇಲಿನ ಮಾತಾಯಿತು. ಆಳವಾದ ಕಡಲಿನ ಮಾತನ್ನು ನನಗೆ ಕಲಿಸಿದವನು ನಮ್ಮ ಅಕ್ಕನ ಮಗ. ಬಾಳೆಹೊಸೂರಿನ ಶಾಲೆಯಲ್ಲಿಯೇ ಓದಿದ ಹುಡುಗ. ಈಗ ಬಂಗಾಳ ಕೊಲ್ಲಿಯ ಒಂದು ತೈಲಕ್ಷೇತ್ರದಲ್ಲಿ ಕೆಲಸದಲ್ಲಿದ್ದಾನೆ. ಕೆಲವು ವಾರ ಕಡಲಿನಲ್ಲಿ, ಕೆಲವು ವಾರ ಮನೆಯಲ್ಲಿ, ಹೀಗೆ ಅವನ ಬದುಕು. ಮೊದಲ ಸಲ ರಜೆಗೆ ಬಂದಾಗ ಅಕ್ಕ ಅವನನ್ನು ಕೇಳಿದಳು: “ಅಲ್ಲೇನ್ ಕೆಲಸ ಮಾಡ್ತೀಯೋ?”

“ಕೊಳವಿ ಕಟ್ಟದಂಗ ನೋಡ್ಕೋತೀನಿ ಯವ್ವಾ.”

“ಅದಕ್ಕ ಸಮುದ್ರಕ್ಕ್ಯಾಕ ಹೋಗಬೇಕಿತ್ತು? ನಮ್ಮ ಓಣಿ ಗಟಾರನೂ ಕಟ್ಟೇತಲ್ಲ!”

ನಾವೆಲ್ಲ ನಕ್ಕೆವು. ಅವನೂ ನಕ್ಕನು. ಆ ಸಂಜೆ ಕಟ್ಟೆಯ ಮೇಲೆ ಕುಳಿತು ಅವನು ಹೇಳಿದ ಸಂಗತಿಗಳನ್ನು ಕೇಳಿದ ಮೇಲೆ ನನ್ನ ನಗೆ ಮರೆಯಾಗಿ ಬೆರಗು ಉಳಿಯಿತು.

“ಮಾಮಾ, ಮೇಣದ ಗುಣ ನಮಗ ಗೊತ್ತೈತಿ, ಕಾವು ಕೊಟ್ರ ಕರಗತೈತಿ. ಅದಕ್ಕಿಂತ ಕೆಟ್ಟದ್ದು ಇನ್ನೊಂದೈತಿ” ಎಂದು ಅವನು ಆರಂಭಿಸಿದನು. ಅವನು ಹೇಳಿದ್ದು ಅನಿಲ ಹೈಡ್ರೇಟಿನ ವಿಚಾರ. ಭೂಮಿಯ ಆಳದಿಂದ ಎಣ್ಣೆ ಒಂಟಿಯಾಗಿ ಬರುವುದಿಲ್ಲ. ಅದರೊಡನೆ ಮೀಥೇನ್ ಮೊದಲಾದ ಅನಿಲಗಳೂ ನೀರೂ ಬರುತ್ತವೆ. ಒತ್ತಡ ಹೆಚ್ಚಾಗಿ ಕಾವು ಕಡಮೆಯಾದಾಗ ನೀರಿನ ಅಣುಗಳು ಒಂದರ ಕೈ ಒಂದು ಹಿಡಿದು ಪಂಜರವನ್ನು ಕಟ್ಟುತ್ತವೆ. ಆ ಪಂಜರಗಳಲ್ಲಿ ಚಿಕ್ಕದೆಂದರೆ 20 ನೀರಿನ ಅಣುಗಳು ಸೇರಿದ್ದು, ಐದು ಮೂಲೆಗಳುಳ್ಳ 12 ಮುಖಗಳದು. ಅದರ ನಡುವೆ ಅನಿಲದ ಒಂದು ಅಣು ಗುಬ್ಬಿಯಂತೆ ಸಿಕ್ಕಿಬೀಳುತ್ತದೆ. ಗುಬ್ಬಿಗೂ ಪಂಜರಕ್ಕೂ ಬೆಸುಗೆಯಿಲ್ಲ. ಆದರೆ ಒಳಗೆ ಗುಬ್ಬಿ ಇಲ್ಲದಿದ್ದರೆ ಈ ಪಂಜರ ನಿಲ್ಲುವುದೇ ಇಲ್ಲ, ಕುಸಿದುಬೀಳುತ್ತದೆ. ಇಂಥ ಕೋಟಿಕೋಟಿ ಪಂಜರಗಳು ಕೂಡಿದಾಗ ಒದ್ದೆಯಾದ ಮಂಜುಗಡ್ಡೆಯಂತೆ ಕಾಣುವ ಒಂದು ಗಟ್ಟಿವಸ್ತು ಉಂಟಾಗುತ್ತದೆ. ನೋಡಲು ಮಂಜುಗಡ್ಡೆ, ಕಡ್ಡಿ ಗೀರಿ ಮುಟ್ಟಿಸಿದರೆ ಹತ್ತಿ ಉರಿಯುತ್ತದೆ! ನೀರು ಹೆಪ್ಪುಗಟ್ಟಲು ಶೂನ್ಯ ಡಿಗ್ರಿಯ ಚಳಿ ಬೇಕು. ಇದಕ್ಕೆ ಅಷ್ಟು ಬೇಕಾಗಿಲ್ಲ. ಒತ್ತಡ ಸಾಕಷ್ಟಿದ್ದರೆ ಹತ್ತು ಹದಿನೈದು ಡಿಗ್ರಿಯಲ್ಲಿಯೂ ಅದು ಕಟ್ಟಿಕೊಳ್ಳುತ್ತದೆ.

ಇಂಥ ವಸ್ತುವನ್ನು ಮೊದಲು ಗುರುತಿಸಿದವನು ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ. ಅವನು 1810ರ ಸುಮಾರಿಗೆ ಕ್ಲೋರಿನ್ ಮತ್ತು ನೀರಿನಿಂದಾದ ಹೈಡ್ರೇಟನ್ನು ಕಂಡನು. ಆ ಬಳಿಕ ನೂರು ವರ್ಷಕ್ಕೂ ಮೀರಿ ಅದು ಪ್ರಯೋಗಶಾಲೆಯ ಒಂದು ಕೌತುಕವಾಗಿ ಉಳಿಯಿತು. ಅಮೆರಿಕದಲ್ಲಿ ಅನಿಲದ ಕೊಳವೆಗಳು ಚಳಿಗಾಲದಲ್ಲಿ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದ್ದಾಗ ಜನ ಅದನ್ನು ಬರಿಯ ಮಂಜುಗಡ್ಡೆಯೆಂದೇ ತಿಳಿದಿದ್ದರು. ಅದು ಮಂಜುಗಡ್ಡೆಯಲ್ಲ, ಹೈಡ್ರೇಟ್ ಎಂಬುದನ್ನು 1934ರಲ್ಲಿ ಹ್ಯಾಮರ್‌ಶ್ಮಿಟ್ ಎಂಬ ವಿಜ್ಞಾನಿ ತೋರಿಸಿಕೊಟ್ಟನು. ಅಂದಿನಿಂದ ಕೌತುಕದ ವಸ್ತು ಕಾಳಜಿಯ ವಸ್ತುವಾಯಿತು.

ಆಳವಾದ ಕಡಲಿನಲ್ಲಿ ಈ ಕಾಳಜಿ ಇಮ್ಮಡಿಯಾಗುತ್ತದೆ. ಕಡಲಿನ ಮೇಲ್ಮೈ ನಮ್ಮ ಬೇಸಗೆಯ ಕೆರೆಯಂತೆ ಬೆಚ್ಚಗಿರಬಹುದು. ಸಾವಿರ ಮೀಟರಿಗೂ ಕೆಳಗಿನ ನೀರು ಅತಿ ತಣ್ಣಗೆ. ಇನ್ನೂ ಆಳಕ್ಕೆ ಇಳಿದರೆ ನಾಲ್ಕು ಡಿಗ್ರಿ ಅಥವಾ ಅದಕ್ಕೂ ಕಡಮೆ. ಅಲ್ಲಿಗೆ ಸೂರ್ಯನ ಬೆಳಕು ತಲುಪುವುದಿಲ್ಲ, ಮುಳುಗುಗಾರನೂ ಇಳಿಯಲಾರನು. ಯಂತ್ರದ ಕಣ್ಣಿನಿಂದ ನೋಡಬೇಕು, ಯಂತ್ರದ ಕೈಯಿಂದ ಮುಟ್ಟಬೇಕು. ಇಂಥ ಕಡೆ ಹಾಸಿರುವ ಕೊಳವೆಯೊಳಗೆ ಒತ್ತಡ, ಅನಿಲ, ನೀರು, ಚಳಿ ಈ ನಾಲ್ಕೂ ಒಟ್ಟಿಗೆ ಇರುತ್ತವೆ. ಹೈಡ್ರೇಟ್ ಕಟ್ಟಲು ಬೇರೇನೂ ಬೇಕಾಗಿಲ್ಲ. ಮೇಣ ತಿಂಗಳುಗಟ್ಟಲೆ ಕುಳಿತು ಕಟ್ಟುವ ಗೋಡೆಯನ್ನು ಹೈಡ್ರೇಟ್ ಕೆಲವು ಗಂಟೆಗಳಲ್ಲಿ ಕಟ್ಟಿಬಿಡಬಲ್ಲದು.

“ಹಂಗಾರ ಬಿಸಿ ಮಾಡಿ ಕರಗಿಸಬೇಕಪ್ಪ” ಎಂದೆನು ನಾನು, ಅವ್ವನ ಶೀಸೆಯನ್ನು ನೆನೆದು. ಅವನು ತಲೆಯಾಡಿಸಿ, “ಅಲ್ಲೇ ಐತಿ ನೋಡ ಮಾಮಾ ಅಪಾಯ” ಎಂದನು. ಹೈಡ್ರೇಟಿನ ಒಂದು ಕೊಡದಷ್ಟು ಗಡ್ಡೆಯಲ್ಲಿ ಸುಮಾರು 160 ಕೊಡಗಳಷ್ಟು ಅನಿಲ ಅಡಗಿರುತ್ತದೆ. ಗಡ್ಡೆಯ ನಡುಭಾಗವನ್ನು ಅವಸರದಿಂದ ಕಾಯಿಸಿದರೆ ಬಿಡುಗಡೆಯಾದ ಅನಿಲಕ್ಕೆ ಎರಡು ಬದಿಯಲ್ಲಿಯೂ ದಾರಿಯಿರುವುದಿಲ್ಲ. ಒತ್ತಡ ಏರಿ ಕೊಳವೆಯೇ ಸಿಡಿಯಬಹುದು. ಒಂದು ಬದಿಯಿಂದ ಮಾತ್ರ ಒತ್ತಡವನ್ನು ಇಳಿಸಿದರೆ, ಇನ್ನೊಂದು ಬದಿಯ ಒತ್ತಡ ಆ ಗಡ್ಡೆಯನ್ನು ಬಂದೂಕಿನ ಗುಂಡಿನಂತೆ ತಳ್ಳುತ್ತದೆ. ಗಂಟೆಗೆ ನೂರಾರು ಕಿಲೋಮೀಟರ್ ವೇಗದಿಂದ ಓಡಿದ ಗಡ್ಡೆ ಕೊಳವೆಯ ತಿರುವನ್ನು ಒಡೆದು ಹೊರಬೀಳುತ್ತದೆ. ಇಂಥ ಅವಘಡಗಳಲ್ಲಿ ಕೆಲಸಗಾರರ ಪ್ರಾಣಗಳೇ ಹೋಗಿವೆ. ಆದುದರಿಂದ ಎರಡೂ ಬದಿಗಳಿಂದ ಒತ್ತಡವನ್ನು ಸಮನಾಗಿ, ಮೆಲ್ಲಮೆಲ್ಲನೆ ಇಳಿಸಬೇಕು, ಆಮೇಲೆ ಕಾಯಬೇಕು. ಒತ್ತಡ ಇಳಿದಂತೆ ಹೈಡ್ರೇಟು ಆ ತಣ್ಣೀರಿನಲ್ಲಿಯೂ ನಿಲ್ಲಲಾರದು. ಅದನ್ನು ಹೆಪ್ಪುಗಟ್ಟಿಸಿದ ಸಮುದ್ರದ ನೀರೇ ಈಗ ಅದಕ್ಕೆ ಬೇಕಾದ ಕಾವನ್ನು ಕೊಟ್ಟು, ಗೋಡೆಯ ಕಡೆಯಿಂದ ಒಳಮುಖವಾಗಿ ಕರಗಿಸುತ್ತದೆ. ಇದಕ್ಕೆ ದಿನಗಳು ಹಿಡಿಯಬಹುದು, ವಾರಗಳೂ ಹಿಡಿಯಬಹುದು. ಅಷ್ಟು ದಿನವೂ ಎಣ್ಣೆಯಿಲ್ಲ, ವರಮಾನವಿಲ್ಲ, ಮೇಲಿನಿಂದ ಪ್ರಶ್ನೆಗಳು ಬರುತ್ತಿರುತ್ತವೆ. ಆದರೂ ಕೈಕಟ್ಟಿ ಕಾಯುವ ಧೈರ್ಯ ಬೇಕು. ನುಗ್ಗುವ ಧೈರ್ಯಕ್ಕಿಂತ ಇದು ದೊಡ್ಡದೆಂದು ನನಗೆ ತೋರಿತು.

ಈ ಗಡ್ಡೆಯ ಶಕ್ತಿಯನ್ನು ಜಗತ್ತೆಲ್ಲ ಕಂಡದ್ದು 2010ರಲ್ಲಿ. ಆ ವರ್ಷ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ‘ಡೀಪ್‌ವಾಟರ್ ಹೊರೈಜನ್’ ಎಂಬ ತೈಲದ ಅಟ್ಟಣೆ ಸಿಡಿದು 11 ಜನ ಸತ್ತರು. ಸುಮಾರು 1,500 ಮೀಟರ್ ಆಳದಲ್ಲಿ ಬಾಯ್ತೆರೆದ ಬಾವಿಯಿಂದ ಎಣ್ಣೆ ಕಡಲಿಗೆ ಹರಿಯತೊಡಗಿತು. ಅದನ್ನು ಹಿಡಿಯಲು ಮೇ ತಿಂಗಳಿನಲ್ಲಿ ಉಕ್ಕಿನ ಒಂದು ಭಾರಿ ಗೋಪುರವನ್ನು ಬೋರಲಾಗಿ ಇಳಿಸಿದರು. ಹೊಮ್ಮುತ್ತಿದ್ದ ಅನಿಲ ತಣ್ಣೀರಿನೊಡನೆ ಕೂಡಿ ಗೋಪುರದೊಳಗೆ ಹೈಡ್ರೇಟಾಗಿ ಕಟ್ಟಿಕೊಂಡಿತು. ಎಣ್ಣೆ ಮೇಲೇರಬೇಕಾದ ದಾರಿ ಮುಚ್ಚಿತು. ಹೈಡ್ರೇಟ್ ನೀರಿಗಿಂತ ಹಗುರವಾದುದರಿಂದ ಅಷ್ಟು ಭಾರದ ಗೋಪುರವೂ ತೇಲುವ ಹಂತಕ್ಕೆ ಬಂದಿತು. ಕಡೆಗೆ ಅದನ್ನು ಪಕ್ಕಕ್ಕೆ ಸರಿಸಬೇಕಾಯಿತು. ಬಾವಿಯ ಬಾಯನ್ನು ಮುಚ್ಚಲು ಜುಲೈ ನಡುವಿನವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಮೀನುಗಾರರ ಬಾಳು, ಹಕ್ಕಿಗಳ ರೆಕ್ಕೆ, ತೀರದ ಮರಳು ಎಲ್ಲವೂ ಎಣ್ಣೆಯಲ್ಲಿ ನೆನೆದಿದ್ದವು. ಅನಾಹುತಕ್ಕೆ ಕಾರಣ ಬೇರೆಯಾಗಿತ್ತು. ಪರಿಹಾರದ ದಾರಿಗೆ ಅಡ್ಡ ನಿಂತದ್ದು ಮಾತ್ರ ನೀರೂ ಗಾಳಿಯೂ ಕೂಡಿ ಕಟ್ಟಿದ ಈ ಗಡ್ಡೆ.

ಕಟ್ಟಿದ ಮೇಲೆ ಬಿಡಿಸುವುದು ಇಷ್ಟು ಕಷ್ಟವಾದುದರಿಂದಲೇ ಕಟ್ಟದಂತೆ ಕಾಯುವುದು ಅಲ್ಲಿನ ಧರ್ಮವಾಗಿದೆ. ಅದಕ್ಕೆ ಉಪಾಯಗಳು ಹಲವು. ಜಾತ್ರೆಯಲ್ಲಿ ಕುಲ್ಫಿ ಮಾರುವವನು ಮಂಜುಗಡ್ಡೆಗೆ ಉಪ್ಪು ಹಾಕುವುದನ್ನು ನೀವು ನೋಡಿರಬಹುದು. ಉಪ್ಪು ಬೆರೆತ ನೀರು ಶೂನ್ಯ ಡಿಗ್ರಿಯಲ್ಲಿಯೂ ಹೆಪ್ಪುಗಟ್ಟಲಾರದು. ಅದೇ ರೀತಿಯಲ್ಲಿ ಮೆಥನಾಲ್, ಗ್ಲೈಕಾಲ್ ಎಂಬ ದ್ರವಗಳನ್ನು ಸಣ್ಣ ಕೊಳವೆಯ ಮೂಲಕ ಬಾವಿಯ ಬಾಯಿಗೆ ಕಳುಹಿಸಿ ನೀರಿನೊಡನೆ ಬೆರೆಸುತ್ತಾರೆ; ಆಗ ನೀರಿಗೆ ಪಂಜರ ಕಟ್ಟುವುದು ಸುಲಭವಾಗುವುದಿಲ್ಲ. ಗ್ಲೈಕಾಲನ್ನು ದಡದಲ್ಲಿ ಮತ್ತೆ ಬೇರ್ಪಡಿಸಿ, ಶುದ್ಧಮಾಡಿ ತಿರುಗಿ ಕಳುಹಿಸುತ್ತಾರೆ. ಮೇಣವನ್ನು ಕೆರೆಯಲು ಕೊಳವೆಯ ಅಳತೆಗೆ ಸರಿಯಾದ ಒಂದು ಗೊರಡನ್ನು ಒಳಗೆ ಬಿಟ್ಟು, ಎಣ್ಣೆಯ ಒತ್ತಡದಿಂದಲೇ ಅದನ್ನು ಮುಂದಕ್ಕೆ ದಬ್ಬುತ್ತಾರೆ. ಇಂಗ್ಲಿಷಿನವರು ಅದಕ್ಕೆ ಇಟ್ಟ ಹೆಸರು ‘ಪಿಗ್’, ಎಂದರೆ ಹಂದಿ. “ಕೊಳವ್ಯಾಗ ಹಂದಿ ಬಿಡ್ತೀವಿ” ಎಂದು ಅಳಿಯ ಹೇಳಿದಾಗ ಅಕ್ಕ ಗಾಬರಿಯಿಂದ ಅಡುಗೆಮನೆಯಿಂದ ಹೊರಗೆ ಬಂದದ್ದುಂಟು. ಈ ಹಂದಿಯನ್ನು ಗೊತ್ತಾದ ದಿನಗಳಿಗೆ ತಪ್ಪದೆ ಬಿಡಬೇಕು. ಸೋಮಾರಿತನದಿಂದ ತಡಮಾಡಿದರೆ ಮೇಣ ದಪ್ಪವಾಗಿ ಹಂದಿಯೇ ನಡುದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಬಿಡಿಸಲು ಹೋದದ್ದೇ ಬಿರಡೆಯಾಗುತ್ತದೆ.

ಇನ್ನೊಂದು ಉಪಾಯ ನಮ್ಮ ಹೊಲದ ಬುತ್ತಿಯದು. ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಒಯ್ದರೆ ಮಧ್ಯಾಹ್ನದವರೆಗೆ ಮೆತ್ತಗೆ ಬೆಚ್ಚಗಿರುತ್ತದೆ. ಹಾಗೆಯೇ ಒಂದು ಕೊಳವೆಯನ್ನು ಇನ್ನೊಂದು ದೊಡ್ಡ ಕೊಳವೆಯೊಳಗೆ ಇಟ್ಟು, ನಡುವೆ ಶಾಖವನ್ನು ತಡೆಯುವ ಹೊದಿಕೆಯನ್ನು ತುಂಬುತ್ತಾರೆ. ಆಂಧ್ರದ ಕಾಕಿನಾಡದ ತೀರದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಕೃಷ್ಣಾ–ಗೋದಾವರಿ ಕೊಳ್ಳದ ಆಳವಾದ ಕಡಲಿನಿಂದ 2024ರ ಜನವರಿ 7ರಂದು ಓಎನ್‌ಜಿಸಿ ಸಂಸ್ಥೆ ಮೊದಲ ಬಾರಿಗೆ ಎಣ್ಣೆಯನ್ನು ಮೇಲೆತ್ತಿತು. ಆ ಎಣ್ಣೆಯಲ್ಲಿ ಮೇಣ ಹೆಚ್ಚು. ಆದುದರಿಂದ ಈ ‘ಕೊಳವೆಯೊಳಗೆ ಕೊಳವೆ’ಯ ವಿಧಾನವನ್ನು ನಮ್ಮ ದೇಶದಲ್ಲಿ ಮೊದಲಿಗೆ ಅಲ್ಲಿ ಬಳಸಿದರು. ಮರುತಿಂಗಳು ಆ ಎಣ್ಣೆಯ ಮೊದಲ ಹಡಗು ಹೊರಟದ್ದು ನಮ್ಮ ಮಂಗಳೂರಿನ ಶುದ್ಧೀಕರಣಾಗಾರಕ್ಕೆ. ಮೂಡಣ ಕಡಲಿನ ತಳದಲ್ಲಿ ಹೆಪ್ಪುಗಟ್ಟದಂತೆ ಕಾಪಾಡಿದ ಎಣ್ಣೆ ದಕ್ಷಿಣದ ತುದಿಯನ್ನು ಬಳಸಿಕೊಂಡು ಕನ್ನಡನಾಡಿನ ದಡ ಸೇರಿತೆಂಬ ಸಂಗತಿ ನನಗೆ ಬಹಳ ಹಿಡಿಸಿತು.

ಎಲ್ಲ ಉಪಾಯಗಳಿದ್ದರೂ ಹರಿವು ಒಮ್ಮೊಮ್ಮೆ ನಿಲ್ಲಲೇಬೇಕಾಗುತ್ತದೆ. ಬಂಗಾಳ ಕೊಲ್ಲಿ ಚಂಡಮಾರುತಗಳ ತವರು. ಬಿರುಗಾಳಿ ಬರುವ ಸೂಚನೆ ಸಿಕ್ಕೊಡನೆ ಬಾವಿಗಳನ್ನು ಮುಚ್ಚಬೇಕು. ಮುಚ್ಚಿದ ಗಳಿಗೆಯಿಂದ ಕೊಳವೆಯ ಎಣ್ಣೆ ಆರತೊಡಗುತ್ತದೆ. ಎಷ್ಟು ಗಂಟೆಗಳ ವರೆಗೆ ಅದು ಕೆಡದೆ ಇರಬಲ್ಲದೆಂಬುದನ್ನು ಮೊದಲೇ ಲೆಕ್ಕಹಾಕಿ ಇಟ್ಟಿರುತ್ತಾರೆ. ಆ ಗಡುವಿನೊಳಗೆ ಹರಿವನ್ನು ಮತ್ತೆ ಆರಂಭಿಸಬೇಕು. ಇಲ್ಲವೇ ಒಳಗಿನದನ್ನು ಹೊರದಬ್ಬಿ ನಿರಪಾಯವಾದ ಎಣ್ಣೆಯನ್ನು ತುಂಬಬೇಕು. ಹೊರಗೆ ಗಾಳಿ ಮೊರೆಯುತ್ತಿರುವಾಗ ಒಳಗೆ ಕೆಲವರು ಗಡಿಯಾರವನ್ನೂ ಉಷ್ಣತೆಯ ಅಂಕಿಗಳನ್ನೂ ನೋಡುತ್ತ ಕುಳಿತಿರುತ್ತಾರೆ. ಅಂಥ ರಾತ್ರಿಗಳಲ್ಲಿ ನಮ್ಮ ಅಕ್ಕ ಬಾಳೆಹೊಸೂರಿನಲ್ಲಿ ದೀಪ ಹಚ್ಚಿಟ್ಟು ನಿದ್ದೆಯಿಲ್ಲದೆ ಕುಳಿತಿರುತ್ತಾಳೆ. ಹೀಗೆ ಒಂದು ಕೊಳವೆಗೆ ಎರಡು ಕಡೆ ಕಾವಲು.

ಒಮ್ಮೆ ಬಿರುಗಾಳಿ ಕಳೆದ ಎರಡನೆಯ ದಿನ ಅವನು ದೂರವಾಣಿಯಲ್ಲಿ ಮಾತಾಡಿದನು. “ಏನಾತೋ?” ಎಂದು ಕೇಳಿದರೆ, “ಏನೂ ಆಗಲಿಲ್ಲ ಮಾಮಾ” ಎಂದನು. ಆ ‘ಏನೂ ಆಗಲಿಲ್ಲ’ ಎಂಬ ಮಾತಿನ ಹಿಂದೆ ಎಷ್ಟು ಜನರ ಎಚ್ಚರ, ಎಷ್ಟು ಗಂಟೆಗಳ ನಿದ್ದೆಗೇಡು ಇತ್ತೆಂಬುದು ಅವನ ಬಳಲಿದ ದನಿಯಿಂದಲೇ ತಿಳಿಯುತ್ತಿತ್ತು.

ಇಲ್ಲಿ ಪ್ರಕೃತಿಯ ಒಂದು ವಿನೋದವನ್ನೂ ಹೇಳಬೇಕು. ಕೊಳವೆಯಲ್ಲಿ ವೈರಿಯಾದ ಈ ಹೈಡ್ರೇಟು ಕಡಲಿನ ತಳದ ಮಣ್ಣಿನಲ್ಲಿ ತಾನಾಗಿಯೇ ಹುಟ್ಟಿ ನಿಧಿಯಾಗಿ ಕುಳಿತಿದೆ. ‘ಜಾಯ್ಡಿಸ್ ರೆಸೊಲ್ಯೂಷನ್’ ಎಂಬ ಸಂಶೋಧನೆಯ ಹಡಗು 2006ರಲ್ಲಿ ನಮ್ಮ ಕಡಲುಗಳಲ್ಲಿ ಸಂಚರಿಸಿ, ಕೃಷ್ಣಾ–ಗೋದಾವರಿ ಕೊಳ್ಳದ ಒಂದೆಡೆ ನೂರು ಮೀಟರಿಗೂ ಹೆಚ್ಚು ದಪ್ಪನಾದ ಹೈಡ್ರೇಟಿನ ಪದರವನ್ನು ಕಂಡಿತು. ಅದರಿಂದ ಅನಿಲವನ್ನು ಪಡೆಯುವ ವಿದ್ಯೆ ಇನ್ನೂ ಪ್ರಯೋಗದ ಹಂತದಲ್ಲಿದೆ. ಬೇಕಾದ ಕಡೆ ಕರಗದೆ, ಬೇಡದ ಕಡೆ ಕಟ್ಟಿಕೊಳ್ಳುವ ಈ ಗಡ್ಡೆಯನ್ನು ಪಳಗಿಸುವ ಕೆಲಸ ಮುಂದಿನವರಿಗಾಗಿ ಕಾದಿದೆ. ಅವರಲ್ಲಿ ಎರೆಯ ನಾಡಿನ ಹುಡುಗ ಹುಡುಗಿಯರೂ ಇರಬಾರದೇಕೆ?

ನಮ್ಮ ಭಾಷೆಯಲ್ಲಿ ‘ಕಾವು’ ಎಂದರೆ ಬಿಸಿ. ‘ಕಾವಲು’ ಎಂದರೆ ಕಾಪಾಡುವುದು. ಎರಡೂ ‘ಕಾಯು’ ಎಂಬ ಧ್ವನಿಯ ಸುತ್ತಲೇ ಸುಳಿಯುತ್ತವೆ. ಹಾಲು ಕಾಯುತ್ತದೆ, ರೈತ ಹೊಲವನ್ನು ಕಾಯುತ್ತಾನೆ, ತಾಯಿ ಮಗನಿಗಾಗಿ ಕಾಯುತ್ತಾಳೆ. ಕಡಲ ತಳದ ಕೊಳವೆಗೆ ಈ ಮೂರೂ ಅರ್ಥದ ಕಾಯುವಿಕೆ ಬೇಕೆಂಬುದನ್ನು ನಾನು ತಿಳಿದುಕೊಂಡೆನು. ಅದು ತಿಳಿದ ಮೇಲೆ ನಮ್ಮ ಊರಿನಲ್ಲಿಯೂ ಕೆಲವರು ನನ್ನ ಕಣ್ಣಿಗೆ ಬೇರೆಯಾಗಿ ಕಾಣತೊಡಗಿದರು. ನಸುಕಿನಲ್ಲಿ ಎದ್ದು ಓಣಿ ಓಣಿಗೆ ನೀರು ಬಿಡುವವನು, ಮಳೆಯಲ್ಲಿ ಕಂಬ ಹತ್ತಿ ತಂತಿಯನ್ನು ಸರಿಪಡಿಸುವವನು, ಮಳೆಗಾಲಕ್ಕೆ ಮೊದಲೇ ಗಟಾರದ ಹೂಳು ತೆಗೆಯುವವರು. ನೀರು ಬಾರದ ದಿನ ನಾವು ಅವರನ್ನು ಹೆಸರು ಹಿಡಿದು ಕೂಗುತ್ತೇವೆ. ನೀರು ಬಂದ ದಿನಗಳಲ್ಲಿ ಅವರ ನೆನಪೇ ನಮಗಿರುವುದಿಲ್ಲ. ಬಂದ ದಿನಗಳೇ ಹೆಚ್ಚೆಂಬುದನ್ನು ಯಾರೂ ಎಣಿಸಿ ನೋಡುವುದಿಲ್ಲ.